ಜಾವಾ ಸ್ಟ್ರಿಂಗ್: ಕನ್ನಡ ಪಠ್ಯ ಇಟ್ಕೊಂಡು ಕಲಿಯೋರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರೋದು ಕೊಡಗಿನ ಸುಂಟಿಕೊಪ್ಪದ ಹತ್ರ. ಭಾನುವಾರ ನಾಲ್ಕೈದು ಜನ ಡಿಗ್ರಿ ಓದೋ ಮಕ್ಕಳು ಮನೆಗೆ ಬಂದು ಜಾವಾ ಕಲೀತಾರೆ, ಮಳೆಗಾಲದಲ್ಲಿ ಕರೆಂಟ್ ಇಲ್ಲದ ದಿನ ನೋಟ್‌ಬುಕ್ಕಲ್ಲೇ ಕೋಡ್ ಬರ್ದು ಬಾಯಲ್ಲೇ ರನ್ ಮಾಡ್ತೀವಿ. ಸ್ಟ್ರಿಂಗ್ ಪಾಠಕ್ಕೆ ಬಂದಾಗ ಎಲ್ಲರೂ ಕೇಳೋದು ಹೆಚ್ಚುಕಡಿಮೆ ಅದೇ ಪ್ರಶ್ನೆಗಳು, ಅದಕ್ಕೇ ಒಂದೇ ಕಡೆ ಬರೆದಿಡ್ತಿದೀನಿ. ಪುಸ್ತಕದ ಉದಾಹರಣೆ ಎಲ್ಲಾ ಇಂಗ್ಲಿಷ್ ಪದದ್ದು, ಅಲ್ಲಿ ಎಲ್ಲಾ ಸರಿಯಾಗೇ ನಡೆಯುತ್ತೆ, ಅದೇ ಜಾಗಕ್ಕೆ "ಮಡಿಕೇರಿ" ಅಂತ ಹಾಕಿದ ತಕ್ಷಣ ಉತ್ತರ ಬೇರೆ ಬರುತ್ತೆ, ಮಕ್ಕಳು ತಮ್ಮ ಕೋಡೇ ತಪ್ಪು ಅಂದ್ಕೋತಾರೆ. ಕೋಡ್ ತಪ್ಪಲ್ಲ. ನಮಗೆ ಅಕ್ಷರ ಅಂದ್ರೆ ಒಂದು, ಜಾವಾಗೆ ಅಕ್ಷರ ಅಂದ್ರೆ ಇನ್ನೊಂದು, ಇದು ಗೊತ್ತಾದ್ರೆ ಮುಕ್ಕಾಲು ಪಾಲು ಗೊಂದಲ ಹೋಗುತ್ತೆ.

ಒಂದು ಮಾತು. ಇಲ್ಲಿ ಮೆಥಡ್ ಹೆಸರುಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದೀನಿ, ಓದೋಕೆ ಸುಲಭ ಆಗ್ಲಿ ಅಂತ. ಟೈಪ್ ಮಾಡುವಾಗ ಕೀವರ್ಡು, ಮೆಥಡ್ಡು ಇಂಗ್ಲಿಷ್ ಅಕ್ಷರದಲ್ಲೇ ಹಾಕ್ಬೇಕು. ಕೋಟ್ಸ್ ಒಳಗಿನ ಪಠ್ಯ, ನಾವೇ ಇಡೋ ವೇರಿಯಬಲ್ ಹೆಸರು ಮಾತ್ರ ಕನ್ನಡದಲ್ಲೇ ಇರಬಹುದು. ನಾನು ಬಳಸೋದು ಜಾವಾ 17.

ಸ್ಟ್ರಿಂಗ್ ಅಂದ್ರೆ ನಿಜವಾಗ್ಲೂ ಏನು? ಇಂಟ್, ಡಬಲ್ ತರ ಅದೂ ಒಂದು ಟೈಪ್ ಅಷ್ಟೇನಾ?

ಅಲ್ಲ. ಇಂಟ್, ಡಬಲ್, ಚಾರ್ ಎಲ್ಲ ಪ್ರಿಮಿಟಿವ್, ಸ್ಟ್ರಿಂಗ್ ಒಂದು ಕ್ಲಾಸ್. ನೀವು ಡಬಲ್ ಕೋಟ್ಸ್ ಒಳಗೆ ಏನೇ ಬರೆದ್ರೂ ಅದು ಆ ಕ್ಲಾಸಿನ ಒಂದು ಆಬ್ಜೆಕ್ಟ್, ಅದಕ್ಕೇ ಅದರ ಪಕ್ಕ ಚುಕ್ಕಿ ಇಟ್ಟು ಮೆಥಡ್ ಕರೆಯೋಕೆ ಆಗೋದು.

ಸ್ಟ್ರಿಂಗ್ ಊರು = "ಮಡಿಕೇರಿ";
ಊರು.ಲೆಂಗ್ತ್();

ಇಲ್ಲಿ ವೇರಿಯಬಲ್ ಹೆಸರು "ಊರು" ಅಂತ ಕನ್ನಡದಲ್ಲಿದ್ರೂ ಜಾವಾ ಒಪ್ಪುತ್ತೆ, ಐಡೆಂಟಿಫೈಯರ್‌ನಲ್ಲಿ ಯೂನಿಕೋಡ್ (ಎಲ್ಲಾ ಭಾಷೆಯ ಅಕ್ಷರಕ್ಕೂ ಒಂದೊಂದು ನಂಬರ್ ಕೊಡೋ ಪದ್ಧತಿ) ಅಕ್ಷರ ನಡೆಯುತ್ತೆ. ಕಲಿಯೋವಾಗ ಹೀಗೆ ಬರೆದ್ರೆ ಮಕ್ಕಳಿಗೆ ಬೇಗ ಹತ್ತುತ್ತೆ, ಆದ್ರೆ ಬೇರೆಯವರ ಜೊತೆ ಸೇರಿ ಮಾಡೋ ಪ್ರಾಜೆಕ್ಟಲ್ಲಿ ಇಂಗ್ಲಿಷ್ ಹೆಸರೇ ಇಡಿ.

"ಮಡಿಕೇರಿ" ನಾಲ್ಕು ಅಕ್ಷರ, ಲೆಂಗ್ತ್ ಕೇಳಿದ್ರೆ 7 ಅಂತ ಯಾಕೆ ಬರುತ್ತೆ?

ಇದೇ ಮೊದಲ ಭಾನುವಾರದ ಪ್ರಶ್ನೆ, ಪ್ರತಿ ವರ್ಷ.

ನಾವು ಓದೋದು ಮ, ಡಿ, ಕೇ, ರಿ. ಕಂಪ್ಯೂಟರ್ ಒಳಗೆ ಇರೋದು ಮ, ಡ, ಇಕಾರದ ಗುಡಿಸು, ಕ, ಏಕಾರದ ಚಿಹ್ನೆ, ರ, ಮತ್ತೆ ಗುಡಿಸು. ಒಟ್ಟು 7. ಯೂನಿಕೋಡಲ್ಲಿ ವ್ಯಂಜನಕ್ಕೆ ಒಂದು ನಂಬರ್, ಗುಣಿತದ ಚಿಹ್ನೆಗೆ ಬೇರೆ ನಂಬರ್, ಅನುಸ್ವಾರಕ್ಕೆ ಬೇರೆ, ಅರ್ಧಾಕ್ಷರ ಮಾಡೋ ಹಲಂತಕ್ಕೂ ಬೇರೆ. ಕನ್ನಡಕ್ಕೆ ಅಂತ ಹೆಕ್ಸ್ ಲೆಕ್ಕದಲ್ಲಿ (ಹದಿನಾರರ ಅಂಕಿಪದ್ಧತಿ) 0ಸಿ80 ಇಂದ 0ಸಿಎಫ್‌ಎಫ್ ತನಕ 128 ಜಾಗ ಇಟ್ಟಿದಾರೆ, ಅವೆಲ್ಲವೂ ಜಾವಾದ ಒಂದೊಂದು ಚಾರ್‌ನಲ್ಲಿ ಹಿಡಿಯುತ್ತೆ, ಹಾಗಾಗಿ ಲೆಂಗ್ತ್ ಕೊಡೋದು ಈ ತುಂಡುಗಳ ಲೆಕ್ಕ, ಬಾಯಲ್ಲಿ ಹೇಳೋ ಅಕ್ಷರದ್ದಲ್ಲ.

ನಮ್ಮ ಐದೂ ತಾಲ್ಲೂಕಿನ ಹೆಸರು ಹಾಕಿ ನೋಡಿ. ಮಡಿಕೇರಿ 7, ಕುಶಾಲನಗರ 8, ವಿರಾಜಪೇಟೆ 9, ಸೋಮವಾರಪೇಟೆ 10, ಪೊನ್ನಂಪೇಟೆನೂ 10. ಸೋಮವಾರಪೇಟೆಗೆ ಬಾಯಲ್ಲಿ ಆರು ಅಕ್ಷರ, ಪೊನ್ನಂಪೇಟೆಗೆ ನಾಲ್ಕೇ, ಆದ್ರೂ ಜಾವಾಗೆ ಎರಡೂ ಸಮ, ಯಾಕಂದ್ರೆ ಪೊನ್ನಂಪೇಟೆಯ "ನ್ನಂ" ಒಂದರಲ್ಲೇ ನ, ಹಲಂತ, ಇನ್ನೊಂದು ನ, ಅನುಸ್ವಾರ ಅಂತ ನಾಲ್ಕು ತುಂಡು ಕೂತಿದೆ. ಇದನ್ನ ಬೋರ್ಡ್ ಮೇಲೆ ಬಿಡಿಸಿ ಬರೆದು ತೋರಿಸಿದ್ರೆ ಆಮೇಲೆ ಯಾರೂ ಮರೆಯಲ್ಲ.

ಹಾಗಾದ್ರೆ ನಿಜವಾದ ಅಕ್ಷರ ಎಣಿಸೋದು ಹೇಗೆ?

ಒಂದು ಸರಳ ದಾರಿ ಇದೆ. ತುಂಡು ತುಂಡಾಗಿ ನೋಡ್ತಾ ಹೋಗಿ, ಅದು ಲೆಟರ್ ಆಗಿದ್ದು ಅದರ ಹಿಂದಿನ ತುಂಡು ಹಲಂತ ಅಲ್ಲದಿದ್ರೆ ಮಾತ್ರ ಒಂದು ಕೂಡಿಸಿ.

ಇಂಟ್ ಎಣಿಕೆ = 0;
ಫಾರ್ (ಇಂಟ್ ಐ = 0; ಐ < ಪದ.ಲೆಂಗ್ತ್(); ಐ++) {
    ಚಾರ್ ಈಗ = ಪದ.ಚಾರ್‌ಆಟ್(ಐ);
    ಇಫ್ (ಕ್ಯಾರೆಕ್ಟರ್.ಈಸ್‌ಲೆಟರ್(ಈಗ) && (ಐ == 0 || ಪದ.ಚಾರ್‌ಆಟ್(ಐ - 1) != ಹಲಂತ)) ಎಣಿಕೆ++;
}

"ಹಲಂತ" ಅನ್ನೋದು ಮೇಲೆ ಡಿಕ್ಲೇರ್ ಮಾಡಿಟ್ಟ ಒಂದು ಚಾರ್, ಅದರ ನಂಬರ್ 0ಸಿಸಿಡಿ. ಗುಣಿತದ ಚಿಹ್ನೆ, ಅನುಸ್ವಾರ ಇವನ್ನ ಈಸ್‌ಲೆಟರ್ ಲೆಟರ್ ಅಂತ ಒಪ್ಪಲ್ಲ, ಹಾಗಾಗಿ ಅವು ತಾನಾಗೇ ಬಿಟ್ಟುಹೋಗುತ್ತೆ. ಪೊನ್ನಂಪೇಟೆಗೆ ಇದು 4 ಕೊಡುತ್ತೆ. ಕೊಡವರ ಹಬ್ಬ "ಕೈಲ್ ಪೊಳ್ದ್" ಹಾಕಿ ನೋಡಿ, ಲೆಂಗ್ತ್ ಸ್ಪೇಸ್ ಸೇರಿ 11, ಈ ಎಣಿಕೆ 4: ಕೈ, ಲ್, ಪೊ, ಳ್ದ್. ಕೊಡವ ಭಾಷೆ, ಅಂದ್ರೆ ಕೊಡವ ತಕ್ಕ್‌ನಲ್ಲಿ ಪದದ ಕೊನೆಗೆ ಹಲಂತ ಬರೋದು ಜಾಸ್ತಿ, ಅದಕ್ಕೇ ನಾನು ಯಾವ ಕೋಡ್ ಬರೆದ್ರೂ ಮೊದಲು ಈ ಹಬ್ಬದ ಹೆಸರು ಹಾಕೇ ಟೆಸ್ಟ್ ಮಾಡೋದು, ಇದರಲ್ಲಿ ಪಾಸಾದ್ರೆ ಉಳಿದವುಗಳಲ್ಲಿ ತೊಂದ್ರೆ ಕಮ್ಮಿ.

ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಕ್ಯಾಪಿಟಲ್ ಎಕ್ಸ್ ಅಂತ ಒಂದಿದೆ (ಪಠ್ಯದಲ್ಲಿ ಇಂಥ ಮಾದರಿ ಹುಡುಕು ಅಂತ ಹೇಳೋ ಬರಹವೇ ರೆಗ್ಯುಲರ್ ಎಕ್ಸ್‌ಪ್ರೆಶನ್), ಜಾವಾ 9 ಇಂದ ಬಂದಿದ್ದು, ಅದು ಕಣ್ಣಿಗೆ ಒಂದಾಗಿ ಕಾಣೋ ಗುಂಪನ್ನ ಹಿಡಿಯುತ್ತೆ. ಗುಣಿತಾಕ್ಷರಕ್ಕೆ ಚೆನ್ನಾಗಿ ಕೆಲಸ ಮಾಡುತ್ತೆ, ಆದ್ರೆ ಒತ್ತಕ್ಷರ ಬಂದ್ರೆ ನನ್ನ ಜಾವಾ 17ನಲ್ಲಿ "ನ್ನ" ಎರಡು ತುಂಡಾಗುತ್ತೆ, ಅದಕ್ಕೇ ಮೇಲಿನ ಲೂಪೇ ನನಗೆ ಇಷ್ಟ.

ಸಬ್‌ಸ್ಟ್ರಿಂಗ್ ಕೊಟ್ಟ ನಂಬರಿಗಿಂತ ಒಂದು ಕಮ್ಮಿ ಯಾಕೆ ಕೊಡುತ್ತೆ?

ಎಣಿಕೆ ಸೊನ್ನೆಯಿಂದ ಶುರು, ಮೊದಲ ನಂಬರ್ ಸೇರುತ್ತೆ, ಎರಡನೇ ನಂಬರ್ ಸೇರಲ್ಲ. "ಮಡಿಕೇರಿ"ಯಲ್ಲಿ ಮ 0, ಡ 1, ಗುಡಿಸು 2, ಕ 3, ಏಕಾರ 4, ರ 5, ಕೊನೆ ಗುಡಿಸು 6. ಸಬ್‌ಸ್ಟ್ರಿಂಗ್(0, 3) ಕೇಳಿದ್ರೆ "ಮಡಿ", ಸಬ್‌ಸ್ಟ್ರಿಂಗ್(3) ಅಂತ ಒಂದೇ ನಂಬರ್ ಕೊಟ್ರೆ ಅಲ್ಲಿಂದ ಕೊನೆವರೆಗೆ, ಅಂದ್ರೆ "ಕೇರಿ". ಮುದ್ದುರಾಜನ ಕೇರಿ ಅನ್ನೋದರಿಂದ ಮಡಿಕೇರಿ ಆಯ್ತು ಅಂತಾರಲ್ಲ, ಆ ಕೇರಿ ಇಲ್ಲಿ ಅಚ್ಚುಕಟ್ಟಾಗಿ ಸಿಗುತ್ತೆ.

ಆದ್ರೆ ಸಬ್‌ಸ್ಟ್ರಿಂಗ್(0, 2) ಕೇಳಿ ನೋಡಿ, "ಮಡ" ಅಂತ ಬರುತ್ತೆ, ಗುಡಿಸು ಉದುರಿಹೋಗಿರುತ್ತೆ. ಸಬ್‌ಸ್ಟ್ರಿಂಗ್(2) ಕೇಳಿದ್ರೆ ಶುರುವಲ್ಲೇ ಒಂಟಿ ಗುಡಿಸು ಬಂದು ಸ್ಕ್ರೀನ್ ಮೇಲೆ ಚುಕ್ಕಿ ಚುಕ್ಕಿ ವೃತ್ತ ಕಾಣುತ್ತೆ. ಜಾವಾ ಎರರ್ ಕೊಡಲ್ಲ, ಅದೇ ಇದರ ಅಪಾಯ. ಕನ್ನಡ ಪಠ್ಯವನ್ನ "ಮೊದಲ 20 ಮಾತ್ರ ತೋರಿಸು, ಆಮೇಲೆ ಚುಕ್ಕಿ ಹಾಕು" ಅಂತ ಕತ್ತರಿಸೋರು ಇದನ್ನ ನೆನಪಿಟ್ಕೊಳ್ಳಿ, ಕತ್ತರಿಸೋ ಜಾಗದ ಮುಂದಿನ ತುಂಡು ಲೆಟರ್ ಹೌದಾ, ಹಿಂದಿನದು ಹಲಂತ ಅಲ್ವಾ ಅಂತ ನೋಡಿ ಆಮೇಲೆ ಕತ್ತರಿ ಹಾಕಿ.

ಇಲ್ಲದ ಜಾಗದ ನಂಬರ್ ಕೊಟ್ರೆ ಮಾತ್ರ ಸ್ಟ್ರಿಂಗ್‌ಇಂಡೆಕ್ಸ್‌ಔಟ್‌ಆಫ್‌ಬೌಂಡ್ಸ್ ಎಕ್ಸೆಪ್ಶನ್ ಬರುತ್ತೆ.

ರಿಪ್ಲೇಸ್ ಮಾಡಿದೆ, ಪ್ರಿಂಟ್ ಮಾಡಿದ್ರೆ ಹಳೇದೇ ಬರ್ತಿದೆ, ಯಾಕೆ?

ಸ್ಟ್ರಿಂಗ್ ಬದಲಾಗಲ್ಲ. ಒಂದ್ಸಲ ಆಯ್ತು ಅಂದ್ರೆ ಆಯ್ತು. ಕಾಫಿ ತೂಕ ಹಾಕಿ ಬಾಯಿ ಹೊಲಿದಿಟ್ಟ ಮೂಟೆ ತರ ಅಂತ ಹೇಳ್ಕೊಡ್ತೀನಿ ನಾನು, ಒಳಗಿಂದ ಒಂದು ಹಿಡಿ ತೆಗೀಬೇಕು ಅಂದ್ರೂ ಆ ಮೂಟೆ ಹಾಗೇ ಇರುತ್ತೆ, ಜಾವಾ ನಿಮಗೆ ಹೊಸ ಮೂಟೆ ಮಾಡಿ ಕೊಡುತ್ತೆ, ಅದನ್ನ ನೀವು ಕೈ ನೀಡಿ ತಗೋಬೇಕು.

ಸಾಲು.ರಿಪ್ಲೇಸ್("ಮರ್ಕೆರಾ", "ಮಡಿಕೇರಿ");

ಹೀಗೆ ಬರೆದು ಬಿಟ್ರೆ ಹೊಸದು ಹುಟ್ಟಿ ಯಾರೂ ತಗೊಳ್ಳದೆ ಹೋಗುತ್ತೆ. ಬರೀಬೇಕಾಗಿದ್ದು ಹೀಗೆ:

ಸಾಲು = ಸಾಲು.ರಿಪ್ಲೇಸ್("ಮರ್ಕೆರಾ", "ಮಡಿಕೇರಿ");

ಟ್ರಿಮ್, ಟುಅಪ್ಪರ್‌ಕೇಸ್, ಕಾನ್‌ಕ್ಯಾಟ್, ಸ್ಟ್ರಿಪ್ ಎಲ್ಲದಕ್ಕೂ ಇದೇ ನಿಯಮ.

ಹಾಗೇ ರಿಪ್ಲೇಸ್ ಬಗ್ಗೆ ಇನ್ನೊಂದು ಎಚ್ಚರ. ಅದು ಸಿಕ್ಕಿದ ಕಡೆಯೆಲ್ಲಾ ಬದಲಾಯಿಸುತ್ತೆ. ಒಬ್ಬ ಹುಡುಗ ತನ್ನ ಪ್ರಾಜೆಕ್ಟಿನ ಪಠ್ಯದಲ್ಲಿ "ಕೂರ್ಗ್" ಇದ್ದ ಕಡೆಯೆಲ್ಲಾ "ಕೊಡಗು" ಮಾಡಿದ, ಆಸೆ ಒಳ್ಳೇದೇ, ನನಗೂ ಕೊಡಗು ಅಂತ ಬರೆಯೋದೇ ಇಷ್ಟ, ಆದ್ರೆ "ಕೂರ್ಗ್ ಅರೇಬಿಕಾ ಕಾಫಿ" ಅನ್ನೋದು 2019ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕ ಹೆಸರು, "ಕೂರ್ಗ್ ಆರೆಂಜ್" ಕೂಡ ಸೂಚ್ಯಂಕ ಇರೋ ಹೆಸರೇ, ಅದು ಎಲ್ಲೆಲ್ಲಿ ಬಂದಿತ್ತೋ ಅಲ್ಲೆಲ್ಲಾ ರಿಜಿಸ್ಟರ್ ಆದ ಹೆಸರೇ ಬದಲಾಗಿ ಹೋಯ್ತು. ಅಂಥದ್ದು ಇದ್ರೆ ಇಂಡೆಕ್ಸ್‌ಆಫ್ ಹಾಕಿ ಒಂದೊಂದೇ ಹುಡುಕಿ, ಮುಂದಿನ ಪದ ನೋಡಿ, ಆಮೇಲೆ ಬದಲಾಯಿಸಿ.

ಎರಡು ಸ್ಟ್ರಿಂಗ್ ಒಂದೇನಾ ಅಂತ ನೋಡೋಕೆ ಡಬಲ್ ಈಕ್ವಲ್ ಹಾಕಿದ್ರೆ ಒಮ್ಮೆ ಟ್ರೂ ಬರುತ್ತೆ, ಒಮ್ಮೆ ಫಾಲ್ಸ್?

ಡಬಲ್ ಈಕ್ವಲ್ ಕೇಳೋದು "ಇವೆರಡೂ ಅದೇ ಆಬ್ಜೆಕ್ಟಾ" ಅಂತ. ಈಕ್ವಲ್ಸ್ ಮೆಥಡ್ ಕೇಳೋದು "ಒಳಗಿರೋದು ಒಂದೇನಾ" ಅಂತ. ಕೋಡಲ್ಲೇ ಎರಡು ಕಡೆ "ಮಡಿಕೇರಿ" ಅಂತ ಬರೆದ್ರೆ ಜಾವಾ ಎರಡಕ್ಕೂ ಸ್ಟ್ರಿಂಗ್‌ಗಳನ್ನ ಕೂಡಿಡೋ ಪೂಲ್‌ನಲ್ಲಿರೋ ಒಂದೇ ಆಬ್ಜೆಕ್ಟ್ ಕೊಡುತ್ತೆ, ಅದಕ್ಕೇ ಟ್ರೂ. ಸ್ಕ್ಯಾನರ್ ಇಂದ ಅಥವಾ ಫೈಲಿಂದ ಓದಿದ್ರೆ ಹೊಸ ಆಬ್ಜೆಕ್ಟ್, ಅದಕ್ಕೆ ಫಾಲ್ಸ್. ಲ್ಯಾಬಲ್ಲಿ ನಡೆದದ್ದು ಪರೀಕ್ಷೆ ದಿನ ನಡೆಯಲ್ಲ ಅನ್ನೋರ ತೊಂದ್ರೆ ಬಹಳ ಸಲ ಇದೇ. ಯಾವಾಗ್ಲೂ ಈಕ್ವಲ್ಸ್ ಹಾಕಿ. ವೇರಿಯಬಲ್ ನಲ್ ಆಗಿರಬಹುದು ಅನಿಸಿದ್ರೆ "ಮಡಿಕೇರಿ".ಈಕ್ವಲ್ಸ್(ಊರು) ಅಂತ ತಿರುಗಿಸಿ ಬರೀರಿ, ಆಗ ಎಕ್ಸೆಪ್ಶನ್ ಬರಲ್ಲ.

ಈಕ್ವಲ್ಸೇ ಹಾಕಿದೀನಿ, ಕಣ್ಣಿಗೆ ಎರಡೂ "ಕೊಡಗು" ಅಂತಲೇ ಕಾಣುತ್ತೆ, ಆದ್ರೂ ಫಾಲ್ಸ್!

ಈ ಪ್ರಶ್ನೆ ಬಂದ್ರೆ ನನಗೆ ಖುಷಿ, ಕನ್ನಡದಲ್ಲಿ ಕೆಲಸ ಮಾಡೋರಿಗೆ ಎದುರಾಗೋ ವಿಷಯ ಇದು. ಮೂರು ಕಾರಣ ಇರಬಹುದು.

ಒಂದು, ಒಕಾರವನ್ನ ಎರಡು ರೀತಿ ಇಡಬಹುದು. "ಕೊ"ನಲ್ಲಿರೋ ಒಕಾರಕ್ಕೆ ಒಂದೇ ನಂಬರ್ ಇದೆ, ಅದನ್ನೇ ಎಕಾರದ ಚಿಹ್ನೆ ಮತ್ತು ಊಕಾರದ ಚಿಹ್ನೆ ಅಂತ ಎರಡು ತುಂಡಾಗಿಯೂ ಇಡಬಹುದು, ಸ್ಕ್ರೀನ್ ಮೇಲೆ ಎರಡೂ ಒಂದೇ ತರ ಕಾಣುತ್ತೆ. ಹಾಗಾಗಿ "ಕೊಡಗು" ಒಂದ್ಸಲ 5, ಇನ್ನೊಂದ್ಸಲ 6. ಓಕಾರ ಇನ್ನೂ ಒಂದು ಹೆಜ್ಜೆ ಮುಂದೆ, ಅದು ಮೂರು ತುಂಡಾಗುತ್ತೆ, ಏಕಾರ ಎರಡಾಗುತ್ತೆ, ಹೀಗೆ ಪೂರ್ತಿ ಬಿಡಿಸಿದ್ರೆ 10 ಇದ್ದ ಸೋಮವಾರಪೇಟೆ 13 ಆಗುತ್ತೆ. ಇದಕ್ಕೆ ಜಾವಾದಲ್ಲೇ ಮದ್ದಿದೆ, ಜಾವಾ ಟೆಕ್ಸ್ಟ್ ಪ್ಯಾಕೇಜಲ್ಲಿ ನಾರ್ಮಲೈಸರ್ ಅಂತ ಕ್ಲಾಸ್, ಅದರ ನಾರ್ಮಲೈಸ್ ಮೆಥಡ್‌ಗೆ ಪಠ್ಯ ಕೊಟ್ಟು ಎನ್‌ಎಫ್‌ಸಿ (ಬಿಡಿ ತುಂಡು ಕೂಡಿಸಿದ) ರೂಪ ಕೇಳಿ, ಎರಡನ್ನೂ ಒಂದೇ ರೂಪಕ್ಕೆ ತಂದು ಆಮೇಲೆ ಹೋಲಿಸಿ. ಹೊರಗಿಂದ ಬರೋ ಪ್ರತಿಯೊಂದು ಕನ್ನಡ ಪಠ್ಯವನ್ನೂ ಬಾಗಿಲಲ್ಲೇ ನಾರ್ಮಲೈಸ್ ಮಾಡಿ ಒಳಗೆ ಬಿಡಿ ಅಂತ ನಾನು ಹೇಳೋದು.

ಎರಡು, ಕಾಣದ ಅಕ್ಷರ. "ಎಸ್ಟೇಟ್‌ನಲ್ಲಿ" ಅಂತ ಟ ಮತ್ತು ನ ಕೂಡದೆ ಬಿಡಿಯಾಗಿ ಇರಬೇಕು ಅಂದ್ರೆ ನಡುವೆ ಒಂದು ಅಗಲ ಇಲ್ಲದ ಗುರುತು ಹಾಕ್ತೀವಿ, ನಂಬರ್ 200ಸಿ, ಅದು ಲೆಂಗ್ತ್‌ಗೆ ಸೇರುತ್ತೆ, ಕಣ್ಣಿಗೆ ಬೀಳಲ್ಲ. ಒಬ್ಬರು ಹಾಕಿ ಇನ್ನೊಬ್ಬರು ಹಾಕದಿದ್ರೆ ಹೋಲಿಕೆ ತಪ್ಪುತ್ತೆ. ಹುಡುಕೋಕೆ, ಹೋಲಿಸೋಕೆ ಅಂತ ಇಟ್ಕೊಳ್ಳೋ ಪ್ರತಿಯಲ್ಲಿ 200ಸಿ, 200ಡಿ ಎರಡನ್ನೂ ತೆಗೆದುಬಿಡಿ, ತೋರಿಸೋ ಪ್ರತಿಯಲ್ಲಿ ಮಾತ್ರ ಮುಟ್ಟಬೇಡಿ, ಮುಟ್ಟಿದ್ರೆ ಓದೋಕೆ ಕೆಟ್ಟದಾಗುತ್ತೆ.

ಮೂರು, ಸೊನ್ನೆ. ಅನುಸ್ವಾರ ಹಾಕೋ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಟೈಪ್ ಮಾಡೋರು ಬಹಳ ಜನ ಇದಾರೆ, "ಪೊನ್ನಂಪೇಟೆ" ಮತ್ತು "ಪೊನ್ನ೦ಪೇಟೆ" ಪಕ್ಕಪಕ್ಕ ಇಟ್ಟು ನೋಡಿ, ಎರಡನೇದರಲ್ಲಿ ಇರೋದು ಅಂಕಿ. ನಾರ್ಮಲೈಸರ್ ಇದನ್ನ ಸರಿಮಾಡಲ್ಲ, ಅದರ ಲೆಕ್ಕದಲ್ಲಿ ಅದು ತಪ್ಪೇ ಅಲ್ಲ. ಕನ್ನಡ ಲೆಟರ್ ಅಥವಾ ಗುಣಿತದ ಚಿಹ್ನೆ ಆದ ತಕ್ಷಣ ಸೊನ್ನೆ ಬಂದ್ರೆ ಅನುಸ್ವಾರ ಮಾಡು ಅಂತ ನೀವೇ ಬರೀಬೇಕು.

ಕಣ್ಣಿಗೆ ಕಾಣದ್ದನ್ನ ಪತ್ತೆ ಮಾಡೋದು ಹೇಗೆ?

ಲೂಪ್ ಹಾಕಿ ಪ್ರತಿ ಚಾರ್‌ನ ಇಂಟ್‌ಗೆ ಬದಲಾಯಿಸಿ ಇಂಟೀಜರ್.ಟುಹೆಕ್ಸ್‌ಸ್ಟ್ರಿಂಗ್ ಕೊಟ್ಟು ಪ್ರಿಂಟ್ ಮಾಡಿ. ಎರಡು ಸಾಲಿನ ಕೋಡ್. ಅನುಮಾನ ಬಂದಾಗೆಲ್ಲಾ ಮೊದಲು ಮಾಡಬೇಕಾದ್ದು ಇದು.

ರಿವರ್ಸ್, ಪಾಲಿಂಡ್ರೋಮ್ ಪ್ರೋಗ್ರಾಂ ಕನ್ನಡಕ್ಕೆ ಯಾಕೆ ಕೆಲಸ ಮಾಡಲ್ಲ?

ಸ್ಟ್ರಿಂಗ್‌ಬಿಲ್ಡರ್‌ನ ರಿವರ್ಸ್ ಮೆಥಡ್ ತುಂಡುಗಳನ್ನ ತಿರುಗಿಸುತ್ತೆ, ಅಕ್ಷರಗಳನ್ನಲ್ಲ. "ಮಡಿಕೇರಿ" ಕೊಟ್ರೆ ನಾವು ಕಾಯೋದು "ರಿಕೇಡಿಮ". ಬರೋದು ಶುರುವಲ್ಲೇ ಒಂಟಿ ಗುಡಿಸು, ಆಮೇಲೆ "ರೇಕಿಡಮ". ನೋಡಿ, ಕಕಾರದ ಮೇಲಿದ್ದ ಏಕಾರ ರಕಾರಕ್ಕೆ ಹೋಯ್ತು, ಡಕಾರದ ಗುಡಿಸು ಕಕಾರಕ್ಕೆ ಬಂತು, ಪ್ರತಿಯೊಂದು ಚಿಹ್ನೆನೂ ಪಕ್ಕದ ಮನೆಗೆ ಹೋಗಿ ಕೂತಿದೆ.

ಇದರಿಂದಾಗಿ "ವಿಕಟಕವಿ" ಪಾಲಿಂಡ್ರೋಮ್ ಅಲ್ಲ ಅಂತ ಜಾವಾ ಹೇಳುತ್ತೆ. ಚಿಕ್ಕ ಮಕ್ಕಳಿಗೂ ಗೊತ್ತು ಅದು ಎರಡು ಕಡೆಯಿಂದ ಓದಿದ್ರೂ ಒಂದೇ ಅಂತ. "ಕಿಟಕಿ"ಗೂ ಇದೇ ಗತಿ. "ಕನಕ", "ಜಲಜ" ಮಾತ್ರ ಪಾಸ್ ಆಗುತ್ತೆ, ಅದರಲ್ಲಿ ಗುಣಿತವೇ ಇಲ್ವಲ್ಲ, ಹಾಗಾಗಿ ಬರೀ ಅಂಥ ಪದ ಹಾಕಿ ಟೆಸ್ಟ್ ಮಾಡಿದವರಿಗೆ ತಪ್ಪು ಗೊತ್ತೇ ಆಗಲ್ಲ.

ಪರಿಹಾರ ಏನಂದ್ರೆ, ಮೇಲೆ ಅಕ್ಷರ ಎಣಿಸಿದ ಲೂಪನ್ನೇ ತಗೊಂಡು, ಹೊಸ ಅಕ್ಷರ ಶುರುವಾದ ಜಾಗದಲ್ಲೆಲ್ಲಾ ಹಿಂದಿನ ಪೂರ್ತಿ ಅಕ್ಷರವನ್ನ ಒಂದು ಅರೇಲಿಸ್ಟಿಗೆ ಹಾಕ್ತಾ ಹೋಗಿ, ಕೊನೆಗೆ ಲಿಸ್ಟನ್ನ ಹಿಂದಿನಿಂದ ಮುಂದಕ್ಕೆ ಜೋಡಿಸಿ. ಇಷ್ಟು ಮಾಡಿದ ದಿನ ಒಬ್ಬಳು ಹುಡುಗಿ ಸಂಜೆವರೆಗೂ ತನ್ನ ಊರು, ಅಜ್ಜಿ ಹೆಸರು, ಬಸ್ ಬೋರ್ಡು ಎಲ್ಲಾ ತಿರುಗಿಸಿ ತಿರುಗಿಸಿ ನೋಡ್ತಾ ಕೂತಿದ್ಲು. ಅಕ್ಷರ ಬಿಡಿಸೋದು ಒಂದ್ಸಲ ಕೈಗೆ ಹತ್ತಿದ್ರೆ ಕ್ರಾಸ್‌ವರ್ಡ್, ಪದಬಂಧ, ಅಂತ್ಯಾಕ್ಷರಿ ಏನು ಬೇಕಾದ್ರೂ ಕಟ್ಟಬಹುದು.

ಹೆಸರಿಂದ ಇನಿಶಿಯಲ್ ತೆಗೆಯೋದು?

ಸ್ಪ್ಲಿಟ್ ಮಾಡಿ ಚಾರ್‌ಆಟ್(0) ತಗೊಳ್ಳಿ ಅಂತ ಪುಸ್ತಕ ಹೇಳುತ್ತೆ. ನಮ್ಮ ಊರಿನ ದೊಡ್ಡ ಹೆಸರನ್ನೇ ತಗೊಳ್ಳೋಣ, "ಕೊಡಂದೇರ ಮಾದಪ್ಪ ಕಾರ್ಯಪ್ಪ", 1949ರ ಜನವರಿ 15ಕ್ಕೆ ಭಾರತದ ಸೇನೆಯ ಮೊದಲ ಭಾರತೀಯ ಕಮಾಂಡರ್ ಇನ್ ಚೀಫ್ ಆದವರು. ಸ್ಪೇಸ್ ಮೇಲೆ ಸ್ಪ್ಲಿಟ್ ಮಾಡಿದ್ರೆ ಮೂರು ಪದ ಸಿಗುತ್ತೆ, ಮೊದಲೆರಡರ ಚಾರ್‌ಆಟ್(0) ತಗೊಂಡ್ರೆ "ಕ. ಮ. ಕಾರ್ಯಪ್ಪ" ಆಗುತ್ತೆ. ಬೇಕಾಗಿದ್ದು "ಕೊ. ಮಾ. ಕಾರ್ಯಪ್ಪ". ಮತ್ತೆ ಅದೇ ಮಾತು, ಮೊದಲ ತುಂಡಲ್ಲ, ಮೊದಲ ಪೂರ್ತಿ ಅಕ್ಷರ ತಗೋಬೇಕು.

ಇನ್ನೊಂದು ವಿಷಯ ಇಲ್ಲೇ ಹೇಳ್ತೀನಿ. ಕೊಡವರಲ್ಲಿ ಮನೆಹೆಸರು ಮೊದಲು ಬರುತ್ತೆ, ಆಮೇಲೆ ಅಪ್ಪನ ಹೆಸರು, ಕೊನೆಗೆ ಅವರ ಹೆಸರು. ಸ್ಪ್ಲಿಟ್ ಮಾಡಿ ಮೊದಲನೇದು ಫಸ್ಟ್ ನೇಮ್, ಕೊನೇದು ಸರ್‌ನೇಮ್ ಅಂತ ಕೋಡ್ ಬರೆದ್ರೆ ಇಡೀ ಜಿಲ್ಲೆಯಲ್ಲಿ ಎಷ್ಟೋ ಜನರ ಹೆಸರು ಹಿಂದುಮುಂದು ಆಗುತ್ತೆ. ಹೆಸರನ್ನ ಒಡೆಯದೆ ಪೂರ್ತಿ ಒಂದೇ ಸ್ಟ್ರಿಂಗಾಗಿ ಇಟ್ಕೊಳ್ಳೋದು ವಾಸಿ, ಕರೆಯೋ ಹೆಸರು ಬೇಕು ಅಂದ್ರೆ ಅವರನ್ನೇ ಕೇಳಿ ಬೇರೆ ಫೀಲ್ಡಲ್ಲಿ ಹಾಕಿ.

ಸ್ಪ್ಲಿಟ್ ಮಾಡಿದಾಗ ಕೆಲವು ಕಾಲಂ ಕಾಣೆ ಆಗುತ್ತೆ ಯಾಕೆ?

ಇದು ನನಗೇ ಆಗಿದ್ದು. ನಮ್ಮನೇಲಿ ಮಳೆ ಪುಸ್ತಕ ಇದೆ, ತೋಟ ಇರೋರ ಮನೇಲಿ ಸಾಮಾನ್ಯ ಇರುತ್ತೆ, ದಿನಾ ಬೆಳಿಗ್ಗೆ ಮಾಪಕ ನೋಡಿ ಇಂಚು, ಸೆಂಟು ಬರೆಯೋದು. ಅದನ್ನ ಸಿಎಸ್‌ವಿ (ಕಾಲಂಗಳ ನಡುವೆ ಕಾಮಾ ಇರೋ ಫೈಲ್) ಮಾಡ್ಕೊಂಡು ಜಾವಾದಲ್ಲಿ ತಿಂಗಳ ಮೊತ್ತ ತೆಗೀತಿದ್ದೆ. ಸಾಲು ಹೀಗಿರುತ್ತೆ:

"12-07,4.35,ಗಾಳಿ ಜೋರು,ಕೆಲಸ ಇಲ್ಲ"

ನಾಲ್ಕು ಕಾಲಂ. ಮಳೆಗಾಲದಲ್ಲಿ ಪ್ರತಿದಿನ ಏನಾದ್ರೂ ಬರೆದಿರ್ತೀವಿ, ಸರಿಯಾಗಿ ಓಡಿತು. ಜನವರಿಗೆ ಬಂದಾಗ ನಿಂತೋಯ್ತು. ಅಲ್ಲಿ ಸಾಲು "14-01,0,,", ಟಿಪ್ಪಣಿ ಖಾಲಿ. ಸ್ಪ್ಲಿಟ್ ಕೊನೆಯಲ್ಲಿರೋ ಖಾಲಿ ತುಂಡುಗಳನ್ನ ಬಿಟ್ಟುಬಿಡುತ್ತೆ, ನಾಲ್ಕರ ಬದಲು ಎರಡೇ ಬಂತು, ನಾನು ನಾಲ್ಕನೇದು ಕೇಳಿದೆ, ಅರೇ ಇಂಡೆಕ್ಸ್ ಎಕ್ಸೆಪ್ಶನ್. ಎರಡನೇ ಆರ್ಗ್ಯುಮೆಂಟಾಗಿ -1 ಕೊಟ್ರೆ ಖಾಲಿಯನ್ನೂ ಉಳಿಸಿಕೊಡುತ್ತೆ:

ಸಾಲು.ಸ್ಪ್ಲಿಟ್(",", -1);

ಸ್ಪ್ಲಿಟ್ ತಗೊಳ್ಳೋದು ರೆಗ್ಯುಲರ್ ಎಕ್ಸ್‌ಪ್ರೆಶನ್ ಅನ್ನೋದೂ ಮರೀಬೇಡಿ. ಚುಕ್ಕಿ ಮೇಲೆ ಸ್ಪ್ಲಿಟ್ ಮಾಡಿದ್ರೆ ಏನೂ ಉಳಿಯಲ್ಲ, ಚುಕ್ಕಿ ಅಂದ್ರೆ ಅಲ್ಲಿ "ಯಾವುದಾದ್ರೂ ಅಕ್ಷರ" ಅಂತ ಅರ್ಥ. ಎರಡು ಬ್ಯಾಕ್‌ಸ್ಲ್ಯಾಶ್ ಮುಂದೆ ಹಾಕಿ. ನೆಟ್ಟಗೆ ನಿಂತ ಗೆರೆಗೂ ಹಾಗೇ.

ಕನ್ನಡ ಅಂಕಿ ಇದ್ರೆ ಲೆಕ್ಕ ಆಗುತ್ತಾ?

ಅರ್ಧ ಆಗುತ್ತೆ. ಇಂಟೀಜರ್.ಪಾರ್ಸ್‌ಇಂಟ್("೪೫") ಅಂದ್ರೆ ಸರಿಯಾಗಿ 45 ಬರುತ್ತೆ, ಯೂನಿಕೋಡ್ ಅಂಕಿ ಎಲ್ಲಾ ಅದಕ್ಕೆ ಅರ್ಥ ಆಗುತ್ತೆ. ಆದ್ರೆ ಡಬಲ್.ಪಾರ್ಸ್‌ಡಬಲ್("೪.೩೫") ನಂಬರ್‌ಫಾರ್ಮ್ಯಾಟ್ ಎಕ್ಸೆಪ್ಶನ್ ಕೊಡುತ್ತೆ. ಮೊದಲು ಪ್ರತಿ ಅಂಕಿಗೂ ಕ್ಯಾರೆಕ್ಟರ್.ಡಿಜಿಟ್ ಕರೆದು ಮಾಮೂಲಿ ಅಂಕಿಗೆ ತಂದ್ಕೊಳ್ಳಿ. ರೆಗ್ಯುಲರ್ ಎಕ್ಸ್‌ಪ್ರೆಶನ್‌ನ ಬ್ಯಾಕ್‌ಸ್ಲ್ಯಾಶ್ ಡಿ ಕೂಡ ಸುಮ್ಮನೆ ಬಿಟ್ರೆ ಇಂಗ್ಲಿಷ್ ಅಂಕಿಯನ್ನ ಮಾತ್ರ ಹಿಡಿಯುತ್ತೆ.

ಬೇಡದ ಚಿಹ್ನೆ ತೆಗೆಯೋಕೆ ರಿಪ್ಲೇಸ್‌ಆಲ್ ಹಾಕಿದೆ, ಕನ್ನಡ ಎಲ್ಲಾ ಅಳಿಸಿಹೋಯ್ತು!

ಬ್ಯಾಕ್‌ಸ್ಲ್ಯಾಶ್ ಕ್ಯಾಪಿಟಲ್ ಡಬ್ಲ್ಯೂ ಹಾಕಿರ್ತೀರ. ಜಾವಾ ಅದನ್ನ ಓದೋದು "ಇಂಗ್ಲಿಷ್ ಅಕ್ಷರ, ಇಂಗ್ಲಿಷ್ ಅಂಕಿ, ಅಂಡರ್‌ಸ್ಕೋರ್ ಬಿಟ್ಟು ಉಳಿದಿದ್ದು" ಅಂತ, ಕನ್ನಡ ಪೂರ್ತಿ ಆ "ಉಳಿದಿದ್ದು" ಒಳಗೆ ಬೀಳುತ್ತೆ. ಪ್ಯಾಟರ್ನ್ ಕಂಪೈಲ್ ಮಾಡೋವಾಗ ಯೂನಿಕೋಡ್ ಕ್ಯಾರೆಕ್ಟರ್ ಕ್ಲಾಸ್ ಅನ್ನೋ ಫ್ಲ್ಯಾಗ್ ಕೊಡಿ, ಇಲ್ಲಾಂದ್ರೆ ಬ್ಯಾಕ್‌ಸ್ಲ್ಯಾಶ್ ಸ್ಮಾಲ್ ಪಿ ಹಾಕಿ ಬ್ರೇಸ್ ಒಳಗೆ ಈಸ್‌ಕನ್ನಡ ಅಂತ ಬರೆದ್ರೆ ಕನ್ನಡ ಲಿಪಿಯನ್ನ ಮಾತ್ರ ಹಿಡಿಯುತ್ತೆ, ಅದನ್ನ ಉಳಿಸ್ಕೊಳ್ಳಿ. ಮೂಲ ಫೈಲ್ ಮೇಲೆ ನೇರವಾಗಿ ಇಂಥ ಕೋಡ್ ಯಾವತ್ತೂ ಓಡಿಸಬೇಡಿ, ಕಾಪಿ ಮೇಲೆ ಮಾಡಿ.

ಟ್ರಿಮ್ ಹಾಕ್ಬೇಕಾ, ಸ್ಟ್ರಿಪ್ ಹಾಕ್ಬೇಕಾ?

ಎರಡು ತುದಿಯ ಖಾಲಿ ಜಾಗ ತೆಗೆಯೋದೇ ಇವೆರಡರ ಕೆಲಸ, ಜಾವಾ 11 ಅಥವಾ ಅದಕ್ಕಿಂತ ಹೊಸದಿದ್ರೆ ಸ್ಟ್ರಿಪ್. ವೆಬ್‌ನಿಂದ ಕಾಪಿ ಮಾಡಿದ ಪಠ್ಯದಲ್ಲಿ ಬರೋ ನಾನ್‌ಬ್ರೇಕಿಂಗ್ ಸ್ಪೇಸನ್ನ ಎರಡೂ ತೆಗೆಯಲ್ಲ, ಅದಕ್ಕೆ ರಿಪ್ಲೇಸ್ ಮಾಡಿ.

ಸಾಲುಗಳನ್ನ ಪ್ಲಸ್ ಹಾಕಿ ಸೇರಿಸಿದ್ರೆ ಪ್ರೋಗ್ರಾಂ ನಿಧಾನ ಆಗುತ್ತೆ ಅಂತಾರೆ, ನಿಜಾನಾ?

ಎರಡು ಮೂರು ಸೇರಿಸೋಕೆ ಪ್ಲಸ್ ಸಾಕು, ಏನೂ ಯೋಚನೆ ಬೇಡ. ಲೂಪ್ ಒಳಗೆ ಮಾತ್ರ ಬೇಡ. ಪ್ರತಿ ಸುತ್ತಿಗೂ ಹಳೇ ಮೂಟೆ ಪೂರ್ತಿ ಸುರಿದು ಹೊಸ ಮೂಟೆಗೆ ತುಂಬಿದ ಹಾಗೆ ಆಗುತ್ತೆ. ಲೆಕ್ಕ ಹಾಕಿ, ಒಂದು ಸಾಲು 20 ತುಂಡು, ಅಂಥ 10,000 ಸಾಲು ಸೇರಿಸಿದ್ರೆ ಕೊನೆಗೆ ಸಿಗೋ ಪಠ್ಯ 2 ಲಕ್ಷ ತುಂಡು ಅಷ್ಟೇ, ಆದ್ರೆ ದಾರಿಯಲ್ಲಿ ನಕಲು ಆಗಿದ್ದು ಸುಮಾರು 100 ಕೋಟಿ. ಸ್ಟ್ರಿಂಗ್‌ಬಿಲ್ಡರ್ ಅಂದ್ರೆ ಬಾಯಿ ಹೊಲಿಯದ ಚೀಲ, ಅಪೆಂಡ್ ಅಪೆಂಡ್ ಅಂತ ತುಂಬಿಸ್ತಾ ಹೋಗಿ, ಕೊನೆಗೆ ಒಂದ್ಸಲ ಟುಸ್ಟ್ರಿಂಗ್ ಹಾಕಿ ಹೊಲಿದುಬಿಡಿ. ಲಿಸ್ಟಲ್ಲಿ ಇರೋ ಊರುಗಳನ್ನ ಕಾಮಾ ಹಾಕಿ ಜೋಡಿಸೋದಷ್ಟೇ ಕೆಲಸ ಅಂದ್ರೆ ಸ್ಟ್ರಿಂಗ್.ಜಾಯಿನ್ ಇದೆ, ಜಾವಾ 8 ಇಂದ.

ಹುಡುಕೋದಕ್ಕೆ ಯಾವುದು ಬಳಸಲಿ?

ಇದೆಯಾ ಇಲ್ವಾ ಅಷ್ಟೇ ಬೇಕು ಅಂದ್ರೆ ಕಂಟೇನ್ಸ್, ಎಲ್ಲಿದೆ ಅಂತ ಬೇಕು ಅಂದ್ರೆ ಇಂಡೆಕ್ಸ್‌ಆಫ್, ಸಿಗದಿದ್ರೆ -1. ಶುರು ನೋಡೋಕೆ ಸ್ಟಾರ್ಟ್ಸ್‌ವಿತ್, ಕೊನೆ ನೋಡೋಕೆ ಎಂಡ್ಸ್‌ವಿತ್. ಇಲ್ಲೂ ತುಂಡಿನ ಲೆಕ್ಕವೇ. "ಕೊಡ್ಲಿಪೇಟೆ", "ಕುಶಾಲನಗರ", "ಕರಿಕೆ" ಮೂರಕ್ಕೂ ಸ್ಟಾರ್ಟ್ಸ್‌ವಿತ್("ಕ") ಟ್ರೂ, ಇದು ಕೆಲವು ಸಲ ಅನುಕೂಲವೇ, ಕಕಾರದ ಊರೆಲ್ಲಾ ಒಟ್ಟಿಗೆ ಸಿಗುತ್ತೆ. ಆದ್ರೆ "ಪೊಳ್ದ್" ಅನ್ನೋದಕ್ಕೆ ಎಂಡ್ಸ್‌ವಿತ್("ದ") ಫಾಲ್ಸ್, ಕೊನೇ ತುಂಡು ಹಲಂತ.

ಊರುಗಳನ್ನ ಅಕಾರಾದಿಯಲ್ಲಿ ಜೋಡಿಸಿದ್ರೆ ಳಕಾರ ತಪ್ಪು ಜಾಗದಲ್ಲಿ ಬರುತ್ತೆ?

ಕಂಪೇರ್‌ಟು ನೋಡೋದು ಬರೀ ನಂಬರ್. ಶಾಲೆಯಲ್ಲಿ ನಾವು ಕಲಿತ ವರ್ಣಮಾಲೆಯಲ್ಲಿ ಯ ರ ಲ ವ ಶ ಷ ಸ ಹ ಆದ್ಮೇಲೆ ಕೊನೆಗೆ ಳ. ಯೂನಿಕೋಡಲ್ಲಿ ಳ ಇರೋದು ಲಕಾರದ ಪಕ್ಕದಲ್ಲೇ, ವಕಾರಕ್ಕಿಂತ ಮೊದಲು. ಹಾಗಾಗಿ "ಮಸಾಲೆ" ಮೊದಲು "ಮಳೆ" ಆಮೇಲೆ ಅಂತ ನಿಘಂಟಲ್ಲಿ ನೋಡೋ ನಾವು, ಜಾವಾದಲ್ಲಿ ಮಳೆ ಮೊದಲು ಬಂದಿದ್ದು ನೋಡಿ ಗಾಬರಿ ಆಗ್ತೀವಿ. ಸರಿ ಬೇಕು ಅಂದ್ರೆ ರೂಲ್‌ಬೇಸ್ಡ್‌ಕೊಲೇಟರ್ ಕ್ಲಾಸಿಗೆ ನಿಮ್ಮ ಕ್ರಮ ಬರೆದುಕೊಡಿ, ಇಲ್ಲಾ ಸ್ವಂತ ಕಂಪ್ಯಾರೇಟರ್ ಬರೀರಿ.

ಕನ್ನಡಕ್ಕೆ ಟುಅಪ್ಪರ್‌ಕೇಸ್?

ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಇಲ್ಲ, ಕೊಟ್ಟಿದ್ದೇ ವಾಪಸ್ ಬರುತ್ತೆ.

ಕನ್ನಡದ ಬದಲು ಬರೀ ಪ್ರಶ್ನಾರ್ಥಕ ಚಿಹ್ನೆ ಬರುತ್ತೆ, ಏನ್ ಮಾಡೋದು?

ಸ್ಟ್ರಿಂಗ್ ಒಳಗೆ ಸಾಮಾನ್ಯ ಸರಿಯಾಗೇ ಇರುತ್ತೆ, ಓದೋವಾಗ ಅಥವಾ ಬರೆಯೋವಾಗ ಎನ್‌ಕೋಡಿಂಗ್ (ಅಕ್ಷರವನ್ನ ಬೈಟಾಗಿ ಬರೆಯೋ ರೀತಿ) ತಪ್ಪಿರುತ್ತೆ. ಫೈಲ್ ಓದೋ ಪ್ರತಿ ಕಡೆಯಲ್ಲೂ ಸ್ಟ್ಯಾಂಡರ್ಡ್‌ಚಾರ್‌ಸೆಟ್ಸ್‌ನ ಯುಟಿಎಫ್-8 ಅಂತ ಕೈಯಾರೆ ಕೊಡಿ. ಜಾವಾ 18 ಇಂದ ಅದೇ ಡೀಫಾಲ್ಟ್, ಅದಕ್ಕೂ ಹಿಂದಿನದು ವಿಂಡೋಸ್ ಏನು ಹೇಳುತ್ತೋ ಅದನ್ನ ಕೇಳುತ್ತೆ. ಫೈಲ್ ಸರಿ ಇದ್ದು ಕನ್ಸೋಲಲ್ಲಿ ಮಾತ್ರ ಹೀಗಾದ್ರೆ ಕೋಡ್ ಮುಟ್ಟಬೇಡಿ, ಕನ್ಸೋಲ್ ಸೆಟ್ಟಿಂಗ್ ನೋಡಿ. ಹಳೇ ನುಡಿ, ಬರಹ ಫಾಂಟಲ್ಲಿ ಟೈಪ್ ಮಾಡಿದ ಫೈಲಾದ್ರೆ ಅದು ಯೂನಿಕೋಡೇ ಅಲ್ಲ, ಒಳಗಿರೋದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು, ಫಾಂಟ್ ಅದಕ್ಕೆ ಕನ್ನಡದ ರೂಪ ಕೊಟ್ಟಿರುತ್ತೆ, ಅದನ್ನ ಮೊದಲು ಕನ್ವರ್ಟರ್ ಹಾಕಿ ಯೂನಿಕೋಡಿಗೆ ತಂದ್ಕೊಂಡು ಆಮೇಲೆ ಜಾವಾಗೆ ಕೊಡಿ.

ಲೆಂಗ್ತ್ ಹೇಳೋ ನಂಬರ್ ಎಲ್ಲಾದ್ರೂ ಉಪಯೋಗಕ್ಕೆ ಬರುತ್ತಾ, ಅಕ್ಷರ ಅಲ್ಲ ಅಂದ್ಮೇಲೆ?

ಬರುತ್ತೆ. ಎಸ್‌ಎಂಎಸ್‌ಗೆ. ಕನ್ನಡ ಮೆಸೇಜಲ್ಲಿ ಒಂದಕ್ಕೆ 70ರ ಮಿತಿ, ಇಂಗ್ಲಿಷಿಗೆ 160, ಮತ್ತು ಆ 70 ಎಣಿಸೋದು ಜಾವಾ ಎಣಿಸೋ ತರದ ತುಂಡುಗಳನ್ನೇ. "ನಾಳೆ ಕೊಯ್ಲು ಇಲ್ಲ" ಅಂತ ತೋಟದ ಕೆಲಸದವರಿಗೆ ಕಳಿಸೋ ಮೆಸೇಜ್ ಬಾಯಲ್ಲಿ ಆರೇ ಅಕ್ಷರ, ಲೆಂಗ್ತ್ 16, ನಗೋ ಮುಖದ ಇಮೋಜಿ ಒಂದು ಸೇರಿಸಿದ್ರೆ ಅದಕ್ಕೇ 2 ಸೇರಿ 18. ಡೇಟಾಬೇಸಲ್ಲಿ ಅಥವಾ ಫೈಲಲ್ಲಿ ಎಷ್ಟು ಬೈಟ್ ಹಿಡಿಯುತ್ತೆ ಅನ್ನೋದು ಮತ್ತೆ ಬೇರೆ ಲೆಕ್ಕ, ಯುಟಿಎಫ್-8ನಲ್ಲಿ ಕನ್ನಡದ ಪ್ರತಿ ತುಂಡಿಗೂ 3 ಬೈಟ್, ಹಾಗಾಗಿ ಬಾಯಲ್ಲಿ 4 ಇರೋ ಮಡಿಕೇರಿ ಜಾವಾಗೆ 7, ಫೈಲಿಗೆ 21.